ಬೈಲು, ಮಜಲು, ಬೆಟ್ಟು

ಕಾಸರಗೋಡಿನ ಕನ್ನಡಿಗರಾದ ನಾವು ಹಳೆಯ ಭೂದಾಖಲೆಗಳನ್ನು ಬಿಚ್ಚುವುದು ಆಸ್ತಿ ಪಾಲಾಗುವಾಗ, ಇಲ್ಲವೆ ಮನೆ ಕಟ್ಟಹೊರಟಾಗ. ಯಾವ ನೆಲವನ್ನು ಯಾವುದಕ್ಕೆ ಬಳಸಬೇಕೆಂಬ ಕಟ್ಟಳೆ ಇತ್ತೀಚಿನದೆಂದು ನಮ್ಮಲ್ಲಿ ಅನೇಕರ ಭಾವನೆ. ಆ ಕಾಗದಗಳ ಪದಗಳು ಬೇರೆಯದನ್ನೇ ಹೇಳುತ್ತವೆ.

ನಮ್ಮ ಹಿರಿಯರು ಗದ್ದೆಯನ್ನು ನೀರಿನಿಂದ ಅಳೆದರು. ತಗ್ಗಿನಲ್ಲಿದ್ದು ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗೂ ಒದಗುವುದು ಬೈಲು. ಎರಡು ಬೆಳೆಯದು ಮಜಲು. ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವ ಮೇಲಿನ ನೆಲ ಬೆಟ್ಟು. ತೆರಿಗೆ ಕಟ್ಟುವ ಹಿಡುವಳಿಗೆ ವರ್ಗವೆಂದು ಹೆಸರು. ವರ್ಗದ ಅಂಚಿನಿಂದ 450 ಲಿಂಕು, ಅಂದರೆ 297 ಅಡಿಯವರೆಗಿನ ಸರಕಾರಿ ನೆಲ ಕುಮ್ಕಿ. ಅದು ವರ್ಗದಾರನ ಸ್ವತ್ತಲ್ಲ. ಆದರೆ ಅಲ್ಲಿಯ ಸೊಪ್ಪು, ಹುಲ್ಲು, ಸೌದೆ, ಬೇಸಾಯಕ್ಕೂ ಮನೆಗೂ ಬೇಕಾದ ಮರ ಅವನಿಗೆ ಸಲ್ಲುತ್ತಿದ್ದವು. ಸೊಪ್ಪಿಲ್ಲದೆ ಹಟ್ಟಿಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಗದ್ದೆಯಿಲ್ಲ. ಒಡೆತನ ಕೊಡದೆ ಬಳಕೆಯನ್ನಷ್ಟೇ ಕೊಟ್ಟ ಈ ಏರ್ಪಾಡಿನ ಜಾಣ್ಮೆಯನ್ನು ನಾವು ಸಾಕಷ್ಟು ಗುರುತಿಸಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯಾಚೆ, 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮು ಕುಮ್ಕಿಯನ್ನು ಹೆಸರಿಸಿಯೇ ಉಳಿಸಿಕೊಂಡಿತು. ಈಚೆ ನಮ್ಮ ಕಾಗದಗಳ ಭಾಷೆಯೇ ಬದಲಾಯಿತು: ಗದ್ದೆ 'ನಿಲಂ' ಆಯಿತು, ಹಿತ್ತಿಲು 'ಪುರಯಿಡಂ' ಆಯಿತು. ಬೈಲೋ ಬೆಟ್ಟೋ ಎಂಬುದು 'ನಿಲಂ' ಎಂಬ ಒಂದು ಪದದೊಳಗೆ ಕಾಣದು.

ಈ ಪದದ ಭಾರ ಅರಿವಿಗೆ ಬಂದದ್ದು 2008ರ ಭತ್ತದ ಗದ್ದೆ ಹಾಗೂ ಜೌಗುನೆಲ ಸಂರಕ್ಷಣಾ ಕಾಯಿದೆಯ ಬಳಿಕ. ಗದ್ದೆ ತುಂಬಿಸುವುದನ್ನು ಅದು ನಿಷೇಧಿಸಿತು. ಬೇರೆ ತಕ್ಕ ಜಾಗವಿಲ್ಲದವನ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ಮೀರದಂತೆ ವಿನಾಯಿತಿಯಿಟ್ಟಿತು. ಗದ್ದೆಗಳ ಪಟ್ಟಿಗೆ 'ಡಾಟಾ ಬ್ಯಾಂಕ್' ಎಂದು ಹೆಸರು. ಕಾಯಿದೆಯ ಉದ್ದೇಶ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಬೈಲು ಮುಚ್ಚಿದರೆ ಬಾವಿ ಬತ್ತುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಆದರೆ ಎಂದೋ ಭತ್ತ ಬಿಟ್ಟು ಅಡಿಕೆಗೆ ತಿರುಗಿದ ಬೆಟ್ಟುಗದ್ದೆಯೂ ಕಾಗದದಲ್ಲಿ 'ನಿಲಂ' ಎಂದೇ ಉಳಿದಿದ್ದರೆ, ಅದರ ಬಳಕೆ ಬದಲಿಸಲು ಒಡೆಯನು ಕಂದಾಯ ವಿಭಾಗಾಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಆ ಅರ್ಜಿಯನ್ನು ನಮ್ಮಲ್ಲಿ ಅನೇಕರು ಬೇರೊಬ್ಬರಿಂದ ಮಲಯಾಳದಲ್ಲಿ ಬರೆಸಿ, ಓದಲಾಗದೆ ಸಹಿ ಹಾಕುತ್ತೇವೆ. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ ಆಡಳಿತಭಾಷಾ ಕಾನೂನು ನಮಗೆ ಕೊಟ್ಟಿದೆ. ಹಳೆಯ ಪತ್ರದಲ್ಲಿರುವ 'ಬೆಟ್ಟು' ಎಂಬ ಪದವನ್ನು ಅರ್ಜಿಯಲ್ಲಿ ಹಾಗೆಯೇ ಬರೆಯಲು ಅಡ್ಡಿಯಿಲ್ಲ.