ಖಲೀಫ ಪೀಠದ ಉದಯ ಮತ್ತು ಮೊದಲ ಒಡಕುಗಳು

ಇಸ್ಲಾಮಿನ ಪಂಥಭೇದಗಳನ್ನು ಆದಿಯಿಂದಲೂ ಸಿದ್ಧಾಂತಭೇದಗಳೆಂದೇ ಭಾವಿಸುವುದು ನಮ್ಮಲ್ಲಿ ವಾಡಿಕೆ. ಚರಿತ್ರೆಯ ಸಾಕ್ಷ್ಯ ಬೇರೆಯಾಗಿದೆ. ಕ್ರಿ.ಶ. 632ರಲ್ಲಿ ಪ್ರವಾದಿ ಮಹಮ್ಮದರು ಮದೀನಾ ನಗರದಲ್ಲಿ ಕಾಲವಾದಾಗ ಅನುಯಾಯಿಗಳ ಮುಂದೆ ನಿಂತ ಪ್ರಶ್ನೆ ದೇವರನ್ನು ಕುರಿತದ್ದಲ್ಲ, ಸಮಾಜವನ್ನು ಮುನ್ನಡೆಸುವ ಹಕ್ಕು ಯಾರದೆಂಬುದು. ಸಿದ್ಧಾಂತಗಳು ಅದರ ಬೆನ್ನಹಿಂದೆ ಬಂದವು.

'ಖಲೀಫ' ಎಂದರೆ ಹಿಂದಿನವರ ಸ್ಥಾನದಲ್ಲಿ ನಿಂತವನು, ಉತ್ತರಾಧಿಕಾರಿ. ಆದರೆ ಅವನನ್ನು ಆರಿಸುವ ವಿಧಾನವೊಂದು ನೆಲೆಗೊಂಡಿರಲಿಲ್ಲ. ಮದೀನಾದ ಒಂದು ಸಭೆಯಲ್ಲಿ ವಾಗ್ವಾದದ ನಡುವೆ ಅಬೂಬಕರರ ಆಯ್ಕೆಯಾಯಿತು. ಅವರು 634ರಲ್ಲಿ ಉಮರರನ್ನು ತಾವೇ ಹೆಸರಿಸಿ ತೀರಿಕೊಂಡರು. ಉಮರರು 644ರಲ್ಲಿ ಹಂತಕನ ಇರಿತಕ್ಕೆ ತುತ್ತಾದಾಗ ಆಯ್ಕೆಯನ್ನು ಆರು ಮಂದಿಯ ಸಮಿತಿಗೆ ಒಪ್ಪಿಸಿದರು, ಉಸ್ಮಾನರು ಖಲೀಫರಾದರು. ಪ್ರವಾದಿಗಳ ಅಳಿಯ ಅಲಿಯವರನ್ನು ಗದೀರ್ ಖುಮ್ ಎಂಬಲ್ಲಿ ಪ್ರವಾದಿಗಳೇ ನಿಯಮಿಸಿದ್ದರೆಂಬುದು ಷಿಯಾ ಸಂಪ್ರದಾಯದ ನಂಬಿಕೆ. ಅಲ್ಲಿ ನುಡಿದದ್ದು ಗೌರವದ ಮಾತೇ ಹೊರತು ನೇಮಕವಲ್ಲವೆಂಬುದು ಸುನ್ನಿಗಳ ನಿಲುವು.

ಉಮರರ ಕಾಲದಲ್ಲಿ ಸಿರಿಯಾ, ಇರಾಕ್, ಈಜಿಪ್ಟ್ ದೇಶಗಳು ಅರಬರ ವಶವಾದವು. ಕೂಫಾ, ಬಸ್ರಾ ಎಂಬ ದಂಡಿನ ನಗರಗಳು ತಲೆಯೆತ್ತಿದವು. ಯೋಧರಿಗೆ ವರ್ಷಾಶನ ಹಂಚಲು ದಫ್ತರವೊಂದು ಏರ್ಪಟ್ಟಿತು. ಹೊಸ ಐಶ್ವರ್ಯದೊಡನೆ ಹೊಸ ಅಸೂಯೆಯೂ ಬಂತು. ಉಸ್ಮಾನರು ತಮ್ಮ ಉಮಯ್ಯಾ ಕುಲದವರಿಗೆ ಉನ್ನತ ಪದವಿಗಳನ್ನು ಕೊಟ್ಟರೆಂಬ ಅಸಮಾಧಾನ ಬೆಳೆದು, 656ರಲ್ಲಿ ದಂಗೆಕೋರರು ಅವರನ್ನು ಮನೆಯಲ್ಲಿಯೇ ಕೊಂದರು.

ಅಲಿಯವರು ಖಲೀಫರಾದದ್ದು ಆ ರಕ್ತದ ಕಲೆ ಆರುವ ಮುನ್ನ. ಬಸ್ರಾದ ಬಳಿ ತಲ್ಹಾ, ಜುಬೈರ್ ಹಾಗೂ ಪ್ರವಾದಿಗಳ ಪತ್ನಿ ಆಯಿಷಾ ಅವರ ಪಕ್ಷವನ್ನು ಗೆದ್ದರೂ, ಸಿರಿಯಾದ ಅಧಿಪತಿ ಮುಆವಿಯಾ ಮಣಿಯಲಿಲ್ಲ. ಅವನು ಉಸ್ಮಾನರ ಬಂಧು. ಕೊಲೆಗೆ ಪ್ರತೀಕಾರ ಬೇಕೆಂಬುದು ಅವನ ಪಟ್ಟು. 657ರಲ್ಲಿ ಯೂಫ್ರಟೀಸ್ ದಂಡೆಯ ಸಿಫ್ಫೀನ್‌ನಲ್ಲಿ ಎರಡೂ ಸೇನೆಗಳು ಎದುರಾದವು. ಸಿರಿಯಾದವರು ಭರ್ಜಿಗಳ ತುದಿಗೆ ಕುರಾನಿನ ಹಾಳೆಗಳನ್ನು ಕಟ್ಟಿ, ಗ್ರಂಥವೇ ತೀರ್ಪು ನೀಡಲೆಂದು ಕೂಗಿದರೆಂದು ಪ್ರಾಚೀನ ಅರಬ ಇತಿಹಾಸಕಾರರು ಬರೆಯುತ್ತಾರೆ. ತಮ್ಮವರ ಒತ್ತಾಯಕ್ಕೆ ಅಲಿಯವರು ಪಂಚಾಯ್ತಿಗೆ ಒಪ್ಪಿದರು. ಒಪ್ಪಿದ್ದೇ ತಪ್ಪೆಂದು ಅವರ ಸೈನ್ಯದ ಒಂದು ಗುಂಪು ಸಿಡಿದು ಹೊರಬಂತು: ದೇವರ ನಿರ್ಣಯವನ್ನು ಮನುಷ್ಯರ ಕೈಗೆ ಕೊಡುವುದೆಂತು? ಹೊರನಡೆದವರಾದ್ದರಿಂದ ಇವರು ಖಾರಿಜಿಗಳು. ಧರ್ಮನಿಷ್ಠನಾದ ಯಾವನೂ, ಗುಲಾಮನೂ ಸಹ, ಖಲೀಫನಾಗಬಲ್ಲನೆಂದೂ ಮಹಾಪಾಪಿಗೆ ಸಮಾಜದಲ್ಲಿ ಸ್ಥಾನವಿಲ್ಲವೆಂದೂ ಅವರು ಸಾರಿದರು. ಅಧಿಕಾರದ ಜಗಳ ಸಿದ್ಧಾಂತವಾಗಿ ಹೆಪ್ಪುಗಟ್ಟಿದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಮುಂದಿನ ವರ್ಷ ಅಲಿಯವರು ನಹ್ರವಾನ್‌ನಲ್ಲಿ ಇವರನ್ನು ಸದೆಬಡಿದರು. 661ರಲ್ಲಿ ಖಾರಿಜಿಯೊಬ್ಬನ ಕತ್ತಿಗೆ ಕೂಫಾದಲ್ಲಿ ತಾವೂ ಬಲಿಯಾದರು.

ಮುಆವಿಯಾ ದಮಾಸ್ಕಸ್ಸನ್ನು ರಾಜಧಾನಿಯಾಗಿಸಿ, ಮಗ ಯಜೀದನನ್ನು ಉತ್ತರಾಧಿಕಾರಿಯೆಂದು ಘೋಷಿಸಿದ. ಖಲೀಫ ಪದವಿ ವಂಶದ ಸ್ವತ್ತಾಯಿತು. ಇದನ್ನೊಪ್ಪದ ಅಲಿಪುತ್ರ ಹುಸೇನರು 680ರಲ್ಲಿ, ಮೊಹರಂ ತಿಂಗಳ ಹತ್ತನೆಯ ದಿನ, ಕರ್ಬಲಾದಲ್ಲಿ ಸ್ವಲ್ಪವೇ ಸಂಗಡಿಗರೊಡನೆ ಹತರಾದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ರಿವಾಯತ್ ಪದಗಳಲ್ಲಿ ಈ ಶೋಕವನ್ನು ಕೇಳಿದ ವಾಚಕರಿಗೆ ಇದರ ವಿವರ ಬೇಕಿಲ್ಲ. ಅಲಿಯವರ ಪಕ್ಷವೆಂಬುದು ಮತಪಂಥವಾಗಿ ರೂಪುಗೊಳ್ಳಲು ಕರ್ಬಲಾದ ಈ ದುಃಖವೇ ಜೀವದ್ರವ್ಯವಾಯಿತು.

750ರಲ್ಲಿ ಪ್ರವಾದಿಗಳ ಮನೆತನದ ಹೆಸರು ಹೇಳಿ ಉಮಯ್ಯಾಗಳನ್ನು ಉರುಳಿಸಿದವರು ಅಲಿಯ ಸಂತತಿಯವರಲ್ಲ, ಪ್ರವಾದಿಗಳ ಚಿಕ್ಕಪ್ಪ ಅಬ್ಬಾಸರ ವಂಶಜರು. ಅವರ ಬಾಗ್ದಾದ್ 762ರಲ್ಲಿ ನಿರ್ಮಾಣವಾಗತೊಡಗಿತು. ಅಷ್ಟರಲ್ಲೇ, 756ರಲ್ಲಿ, ಹತ್ಯಾಕಾಂಡದಿಂದ ತಪ್ಪಿಸಿಕೊಂಡ ಉಮಯ್ಯಾ ರಾಜಕುಮಾರನೊಬ್ಬ ಸ್ಪೇನಿನ ಕಾರ್ಡೊಬಾದಲ್ಲಿ ರಾಜ್ಯ ಕಟ್ಟಿದ್ದ. 909ರಲ್ಲಿ ಉತ್ತರ ಆಫ್ರಿಕದಲ್ಲಿ ಷಿಯಾ ಪಂಥದ ಫಾತಿಮಿಗಳು ಖಲೀಫರೆನಿಸಿಕೊಂಡರು. 929ರಲ್ಲಿ ಕಾರ್ಡೊಬಾದ ಅರಸನೂ ಅದೇ ಬಿರುದನ್ನು ಧರಿಸಿದಾಗ, ಒಬ್ಬನಿಗೇ ಸಲ್ಲಬೇಕೆಂದು ಎಲ್ಲರೂ ಹೇಳುತ್ತಿದ್ದ ಪೀಠಕ್ಕೆ ಏಕಕಾಲದಲ್ಲಿ ಮೂವರು ಒಡೆಯರಿದ್ದರು.