ನೋಯದ ಹುಣ್ಣಿನ ಚರಿತ್ರೆ

ಅಜ್ಜಿಯ ಅಂಗಾಲಿನಲ್ಲೊಂದು ಹುಣ್ಣಿತ್ತು. ಸಕ್ಕರೆ ಕಾಯಿಲೆಯದು. ದಿನಾ ಡ್ರೆಸ್ಸಿಂಗ್ ಆಗುತ್ತಿತ್ತು, ಮುಲಾಮು ಬದಲಾಗುತ್ತಿತ್ತು, ಹುಣ್ಣು ಮಾತ್ರ ಹಾಗೇ ಇತ್ತು. “ನೋವೇ ಇಲ್ವಲ್ಲೇ” ಎಂದು ಅಜ್ಜಿ ಅದರ ಮೇಲೇ ಓಡಾಡುತ್ತಿದ್ದಳು. ಕಾಯಿಲೆಯ ಗುಟ್ಟು ಆ ಮಾತಿನಲ್ಲೇ ಇತ್ತೆಂದು ನನಗೆ ಗೊತ್ತಾದದ್ದು ಕುಷ್ಠರೋಗದ ಚರಿತ್ರೆ ಓದತೊಡಗಿದ ಮೇಲೆ.

ಮಧುಮೇಹಿಯ ಪಾದದ ಹುಣ್ಣಿಗೂ ನರಗಳ ಹಾನಿಗೂ ನಂಟಿದೆ ಎಂದು ಪ್ರೈಸ್ ಎಂಬ ಬ್ರಿಟಿಷ್ ವೈದ್ಯ 1887ರಲ್ಲೇ ಬರೆದಿದ್ದ. ಆದರೂ ಬಹುಕಾಲ ದೂರೆಲ್ಲ ರಕ್ತನಾಳಗಳ ಮೇಲೆ, ರಕ್ತದ ಸಕ್ಕರೆಯ ಮೇಲೆ. ಹುಣ್ಣು ಮಾಯದಿದ್ದರೆ ಕಾಲು ಕತ್ತರಿಸುವುದು.

ಬೇರೆ ದಾರಿ ಕಂಡದ್ದು ಭಾರತದ ಕುಷ್ಠರೋಗ ಆಸ್ಪತ್ರೆಗಳಲ್ಲಿ. 1930ರ ದಶಕದಲ್ಲಿ ಜೋಸೆಫ್ ಖಾನ್ ಎಂಬ ವೈದ್ಯರು ರೋಗಿಗಳ ಪಾದಕ್ಕೆ ಪ್ಲಾಸ್ಟರ್ ಹಾಕಿ, ನಡೆದಾಡಲು ಬಿಟ್ಟೇ ಹುಣ್ಣು ಮಾಯಿಸಿದರು. ಕೂಲಿ ಮಾಡಿ ಉಣ್ಣುವವರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸಲಾದೀತೇ? ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿಗೆ ಬಂದು ಇದರ ಹಿಂದಿನ ಕಾರಣವನ್ನು ಬಿಡಿಸಿದರು. ಕುಷ್ಠರೋಗಿಯ ಮಾಂಸ ಕೆಟ್ಟದ್ದಲ್ಲ, ಮಾಯುವ ಶಕ್ತಿ ಅದಕ್ಕಿದೆ. ಹುಣ್ಣಾದ ಕಾಲನ್ನು ನಾವು ಕುಂಟುತ್ತಾ ಕಾಪಾಡುತ್ತೇವೆ. ಸ್ಪರ್ಶವಿಲ್ಲದವರು ಅದೇ ಜಾಗವನ್ನು ಮತ್ತೆ ಮತ್ತೆ ತುಳಿಯುತ್ತಾರೆ. ಪ್ಲಾಸ್ಟರ್ ಆ ಭಾರವನ್ನು ಇಡೀ ಪಾದಕ್ಕೂ ಕಾಲಿಗೂ ಹಂಚುತ್ತದೆ. ರೋಗಿ ಅದನ್ನು ಬಿಚ್ಚಿಡುವ ಹಾಗೂ ಇಲ್ಲ!

1960ರ ದಶಕದಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿಂದ ಈ ವಿಧಾನ ಮಧುಮೇಹಿಗಳನ್ನು ತಲುಪಿತು. ಈಗ ಬ್ರಾಂಡ್ ಹೆಸರು ಎಲ್ಲರಿಗೂ ಗೊತ್ತು, ಖಾನ್ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನನಗಿದು ಸರಿಕಾಣುವುದಿಲ್ಲ.

ಕೀವಾಗಿದ್ದರೆ, ಪಾದಕ್ಕೆ ರಕ್ತ ಸಾಕಷ್ಟು ಹರಿಯದಿದ್ದರೆ ಪ್ಲಾಸ್ಟರ್ ಅಪಾಯ. ಅಜ್ಜಿಗೆ ಅವೆರಡೂ ಇರಲಿಲ್ಲ. ಕೊನೆಗೊಬ್ಬ ವೈದ್ಯರು ಪ್ಲಾಸ್ಟರ್ ಹಾಕಿ ವಾರವಾರ ಬದಲಿಸಿದರು. ಎರಡು ತಿಂಗಳಲ್ಲಿ ಹುಣ್ಣು ಮುಚ್ಚಿತು. ಅದು ಮರಳದಿರಲೆಂದು ಎಂ.ಸಿ.ಆರ್. ಚಪ್ಪಲಿ ತಂದೆ. ಸಣ್ಣ ಸಣ್ಣ ಗಾಳಿಗುಳ್ಳೆಗಳ ಆ ಮೆತ್ತನೆಯ ರಬ್ಬರನ್ನೂ ನಮ್ಮಲ್ಲಿ ಮೊದಲು ಮೆಟ್ಟಿದವರು ಕುಷ್ಠರೋಗಿಗಳೇ.

ಅಜ್ಜಿ ಅದನ್ನು ಹೊಸಿಲಾಚೆ ಬಿಟ್ಟು ಒಳಬರುತ್ತಿದ್ದಳು. ಮನೆಯೊಳಗೆ ಚಪ್ಪಲಿಯೇ? ಜಗಳವಾಡಿ ಒಳಗಿಗೆಂದೇ ಇನ್ನೊಂದು ಜೊತೆ ತಂದೆ. ಅಡುಗೆಮನೆಯ ಬಾಗಿಲವರೆಗೆ ಒಪ್ಪಿದಳು. ಅಲ್ಲಿಂದ ಮುಂದೆ ಬರಿಗಾಲು.