ಬೊರಿವಲಿಯಲ್ಲಿ ಗಂಡ-ಹೆಂಡತಿಗೆ ತಿಂಗಳಿಗೆ 80 ಸಾವಿರ ಸಾಕಾ? ಇಲ್ಲಿದೆ ಖರ್ಚಿನ ಲೆಕ್ಕ

ಮುಂಬೈ: ಮುಂಬೈನಲ್ಲಿ ಕೆಲಸ ಸಿಕ್ಕ ದಂಪತಿಗೆ ಮೊದಲ ಚಿಂತೆ ಮನೆಯದ್ದು. ಪಶ್ಚಿಮ ರೈಲ್ವೆ ಮಾರ್ಗದಲ್ಲಿರುವ ಬೊರಿವಲಿ ಚರ್ಚ್‌ಗೇಟ್‌ನಿಂದ ಸುಮಾರು 34 ಕಿ.ಮೀ. ದೂರದಲ್ಲಿದೆ. ಹಲವು ಲೋಕಲ್ ರೈಲುಗಳು ಇಲ್ಲಿಂದಲೇ ಹೊರಡುತ್ತವೆ. ನಗರದ ಮೊದಲ ಎಸಿ ಲೋಕಲ್ 2017ರ ಡಿಸೆಂಬರ್ 25ರಂದು ಹೊರಟಿದ್ದೂ ಬೊರಿವಲಿಯಿಂದಲೇ. ಅಂಧೇರಿ ಕಡೆಗೆ ಮೆಟ್ರೋ ಕೂಡ ಇದೆ. ಆದರೆ ಇಬ್ಬರ ಸಂಬಳ ಇಲ್ಲಿ ಸಾಲುತ್ತದೆಯೇ?

ಸಿಟಿಸಿ ನೋಡಬೇಡಿ

ಪಿಎಫ್, ವೃತ್ತಿ ತೆರಿಗೆ ಕಳೆದು ಕೈಗೆ ಬರುವ ಹಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದಾಯ ತೆರಿಗೆಯಲ್ಲಿ ಗಂಡ-ಹೆಂಡತಿಯ ಸಂಬಳವನ್ನು ಒಟ್ಟುಗೂಡಿಸುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ತಲಾ 12.75 ಲಕ್ಷ ರೂ.ವರೆಗಿನ ವಾರ್ಷಿಕ ಸಂಬಳಕ್ಕೆ ತೆರಿಗೆ ಇಲ್ಲ.

ತಿಂಗಳ ಖರ್ಚು ಎಷ್ಟು?

ಉದಾಹರಣೆಗೆ, ಒಬ್ಬರಿಗೆ 45 ಸಾವಿರ, ಇನ್ನೊಬ್ಬರಿಗೆ 35 ಸಾವಿರ ರೂ. ಕೈಗೆ ಬರುತ್ತದೆ, ಮಕ್ಕಳಿಲ್ಲ ಎಂದಿಟ್ಟುಕೊಳ್ಳೋಣ.

* ಒನ್ ಬಿಎಚ್‌ಕೆ ಬಾಡಿಗೆ: 26,000 ರೂ.
* ದಿನಸಿ, ಹಾಲು, ತರಕಾರಿ: 12,000 ರೂ.
* ವಿದ್ಯುತ್, ಗ್ಯಾಸ್, ಮೊಬೈಲ್, ಇಂಟರ್ನೆಟ್: 4,500 ರೂ.
* ರೈಲು ಪಾಸ್, ಆಟೋ, ಬಸ್: 4,000 ರೂ.
* ಮನೆಗೆಲಸದವರಿಗೆ: 2,500 ರೂ.
* ಔಷಧ, ವಿಮೆ: 4,000 ರೂ.
* ಬಟ್ಟೆ, ಹೋಟೆಲ್, ಸಿನಿಮಾ: 6,000 ರೂ.
* ಊರಿಗೆ ಕಳಿಸುವ ಹಣ: 8,000 ರೂ.

ಒಟ್ಟು 67,000 ರೂ. ಉಳಿಯುವುದು 13,000 ರೂ. ಅಂದರೆ ಸಂಬಳವೇನೋ ಸಾಲುತ್ತದೆ.

ಮನೆ ಹಿಡಿಯುವಾಗಲೇ ಹೊರೆ

ಮೂರು ತಿಂಗಳ ಡಿಪಾಸಿಟ್ 78,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 26,000, ಮುಂಗಡ ಬಾಡಿಗೆ 26,000 ಎಂದರೆ 1.30 ಲಕ್ಷ ರೂ. ಮೊದಲೇ ಕೈಯಲ್ಲಿರಬೇಕು. ಇದು ಹತ್ತು ತಿಂಗಳ ಉಳಿತಾಯಕ್ಕೆ ಸಮ. ಡಿಪಾಸಿಟ್ ವಾಪಸ್ ಬರುತ್ತದೆ, ಬ್ರೋಕರ್ ಹಣ ಬರುವುದಿಲ್ಲ. ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅವಧಿ ಮುಗಿದ ಮೇಲೆ ಮನೆ ಬದಲಿಸಿದರೆ ಬ್ರೋಕರ್‌ಗೆ ಮತ್ತೆ ಹಣ ಕೊಡಬೇಕು.

ಕರಾರನ್ನು ನೋಂದಾಯಿಸುವುದು ಕಡ್ಡಾಯ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಪ್ರಕಾರ ಅದು ಮಾಲೀಕರ ಹೊಣೆ. ಡಿಪಾಸಿಟ್ ಮೊತ್ತ ಕರಾರಿನಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳಿ.

ಒಬ್ಬರ ಕೆಲಸ ಹೋದರೆ?

ನಿಜವಾದ ಪರೀಕ್ಷೆ ಇಲ್ಲೇ. 35 ಸಾವಿರದ ಸಂಬಳ ನಿಂತರೆ, ಊರಿನ ಹಣ, ಮನೆಗೆಲಸ, ಹೋಟೆಲ್ ಎಲ್ಲ ನಿಲ್ಲಿಸಿ, ಓಡಾಟದ ಖರ್ಚು ಅರ್ಧಕ್ಕೆ ಇಳಿಸಿದರೂ 48,500 ರೂ. ಬೇಕು. ಕೈಗೆ ಬರುವುದು 45,000. ಹೆರಿಗೆಯ ನಂತರ ಕೆಲಸ ಬಿಡಬೇಕಾಗಿ ಬಂದರೂ ಇದೇ ಸ್ಥಿತಿ, ಜತೆಗೆ ಮಗುವಿನ ಖರ್ಚು.

ಇದೇ ದಂಪತಿ 20 ಸಾವಿರ ರೂ. ಬಾಡಿಗೆಯ ಮನೆ ಹಿಡಿದಿದ್ದರೆ ಖರ್ಚು 42,500ಕ್ಕೆ ಇಳಿದು ಒಂದೇ ಸಂಬಳದಲ್ಲಿ ದಿನ ದೂಡಬಹುದಿತ್ತು. ಅದಕ್ಕಾಗಿ ಚಿಕ್ಕ ಮನೆ ಅಥವಾ ಮೀರಾ ರೋಡ್, ವಸಾಯಿ, ವಿರಾರ್ ಕಡೆ ನೋಡಬೇಕಾಗಬಹುದು. ಆಗ ಹಣ ಉಳಿದರೂ ಪ್ರಯಾಣದ ಸಮಯ, ರೈಲಿನ ನೂಕುನುಗ್ಗಲು ಹೆಚ್ಚುತ್ತದೆ.

ಹೀಗಾಗಿ ಬಾಡಿಗೆ ನಿಗದಿ ಮಾಡುವಾಗ ಇಬ್ಬರ ಸಂಬಳ ಕೂಡಿಸಿ ನೋಡುವುದಕ್ಕಿಂತ, ಒಬ್ಬರ ಸಂಬಳದಲ್ಲಿ ಎಷ್ಟು ಕಟ್ಟಬಹುದು ಎಂದು ನೋಡುವುದು ಕ್ಷೇಮ.